ಪದಚರ್ಚೆ: ‘ಕ್ರೇನ್ ನಿಲ್ಲಿಸಿದ ದಿನಾಂಕ’ ಎಂದರೆ ಯಾವ ದಿನಾಂಕ?

ಗೆಳೆಯರೇ,

ಕಟ್ಟಡ ಕಟ್ಟುವ ಜಾಗದಲ್ಲಿ ಟವರ್ ಕ್ರೇನಿಗೆಂದು ಇಡುವ ದಾಖಲೆ ಪುಸ್ತಕದ ನಮೂನೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಇಂಗ್ಲಿಷಿನವರು ‘ಎರೆಕ್ಷನ್’ ಎನ್ನುವ ಕೆಲಸಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಸರಿ ಎಂಬುದು ನನ್ನ ಮುಖ್ಯ ಪ್ರಶ್ನೆ.

ಬಾಯಿಗೆ ಮೊದಲು ಬರುವುದು ‘ನಿಲ್ಲಿಸು’. ಕಂಬ ನಿಲ್ಲಿಸುತ್ತೇವೆ, ಕ್ರೇನನ್ನೂ ನಿಲ್ಲಿಸುತ್ತೇವೆ. ಎದುರೆದುರು ಮಾತಾಡುವಾಗ ಇದರಲ್ಲಿ ಗೊಂದಲವಿಲ್ಲ. ಪುಸ್ತಕದ ಅಂಕಣದಲ್ಲಿ ‘ಕ್ರೇನ್ ನಿಲ್ಲಿಸಿದ ದಿನಾಂಕ’ ಎಂದು ಬರೆದು ನೋಡಿ. ಬಿಡಿಭಾಗ ಜೋಡಿಸಿ ಎದ್ದು ನಿಲ್ಲುವಂತೆ ಮಾಡಿದ ದಿನವೋ, ಗಾಳಿ ಜೋರಾಯಿತೆಂದು ಕೆಲಸ ತಡೆದ ದಿನವೋ? ಗಾಳಿಯ ಮಿತಿ ಗಂಟೆಗೆ 72 ಕಿ.ಮೀ. ಎಂದು ಎಷ್ಟೋ ಕೈಪಿಡಿಗಳು ಹೇಳುತ್ತವೆ. ಅದು ದಾಟಿದರೆ ಕ್ರೇನ್ ನಿಲ್ಲಿಸಲೇಬೇಕು, ನಿಲ್ಲಿಸಿದ್ದನ್ನು ಬರೆದಿಡಲೂಬೇಕು. ಹಾಗಾಗಿ ಒಂದೇ ಪುಸ್ತಕದಲ್ಲಿ ಎರಡು ಅರ್ಥಕ್ಕೂ ಜಾಗವಿದೆ.

ಇನ್ನೂ ಒಂದು ತಮಾಷೆಯಿದೆ. ಕೆಲಸ ಮುಗಿಸಿ ಹೋಗುವಾಗ ಆಪರೇಟರ್ ಹೊರೆಯಿಲ್ಲದ ಕೊಕ್ಕೆಯನ್ನು ಮೇಲಕ್ಕೆಳೆದಿಟ್ಟು, ತಿರುಗುವ ಭಾಗದ ಬ್ರೇಕ್ ಸಡಿಲಿಸಿ ಇಳಿಯುತ್ತಾನೆ. ಆಮೇಲೆ ಜಿಬ್ಬು, ಅಂದರೆ ಕ್ರೇನಿನ ಅಡ್ಡ ತೋಳು, ಗಾಳಿ ಬೀಸಿದ ಕಡೆಗೆ ತಾನಾಗಿ ತಿರುಗುತ್ತದೆ. ತಿರುಗಬೇಕು ಕೂಡ, ಬ್ರೇಕ್ ಹಿಡಿದಿದ್ದರೆ ಗಾಳಿಯ ಒತ್ತಡವೆಲ್ಲ ಜಿಬ್ಬಿನ ಪಕ್ಕಕ್ಕೆ ಬೀಳುತ್ತದೆ. ಅಂದರೆ ನಾವು ‘ನಿಲ್ಲಿಸಿ’ ಬಂದ ಕ್ರೇನು ನಿಲ್ಲದೆ ತಿರುಗುತ್ತಿರುವುದೇ ಸರಿ! ಹೊಸಬನೊಬ್ಬ ಪುಸ್ತಕದ ಮಾತನ್ನು ಅಕ್ಷರಶಃ ನಂಬಿ ಬ್ರೇಕ್ ಹಾಕಿಬಿಟ್ಟರೆ?

‘ಸ್ಥಾಪನೆ’ ಎನ್ನಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಒಗ್ಗುವುದಿಲ್ಲ. ಸಂಸ್ಥೆ ಸ್ಥಾಪನೆಯಾಗುತ್ತದೆ, ವಿಗ್ರಹ ಸ್ಥಾಪನೆಯಾಗುತ್ತದೆ. ಅಲ್ಲಿಯೇ ಉಳಿಯಲಿ ಎಂಬುದು ಆ ಪದದೊಳಗಿನ ಆಸೆ. ಟವರ್ ಕ್ರೇನು ಇಳಿದುಹೋಗಲೆಂದೇ ಏರುವಂಥದ್ದು. ‘ಅಳವಡಿಕೆ’ಯನ್ನು ಗಾಳಿಮಾಪಕಕ್ಕೋ ಮಿತಿ ದಾಟದಂತೆ ತಡೆಯುವ ಲಿಮಿಟ್ ಸ್ವಿಚ್ಚಿಗೋ ಇಟ್ಟುಕೊಳ್ಳೋಣ, ಇನ್ನೊಂದಕ್ಕೆ ಹೊಂದಿಸಿ ಕೂರಿಸುವ ಅರ್ಥ ಅದಕ್ಕಿದೆ. ‘ಕಟ್ಟು’ ಚೆನ್ನಾಗಿದೆ, ಆದರೆ ಎತ್ತರದ ಕ್ರೇನಿನ ಮಾಸ್ಟನ್ನು (ನೆಟ್ಟಗೆ ನಿಲ್ಲುವ ಕಂಬವನ್ನು) ಕಟ್ಟಡಕ್ಕೇ ಬಿಗಿದು ಕಟ್ಟುವುದುಂಟು, ಅದು ಬೇರೆಯೇ ಕೆಲಸ. ‘ಎತ್ತು’ ಬೇಡವೇ ಬೇಡ, ಕ್ರೇನಿನ ದಿನದ ಕಸುಬೇ ಅದು.

ನನ್ನ ಮನಸ್ಸು ವಾಲುತ್ತಿರುವುದು ‘ಹೂಡು’ ಕಡೆಗೆ. ಡೇರೆ ಹೂಡುತ್ತೇವೆ, ಬಿಡಾರ ಹೂಡುತ್ತೇವೆ. ಬಿಡಿ ಸಾಮಾನು ತಂದು ಜೋಡಿಸಿ ನಿಲ್ಲಿಸಿ, ಕೆಲಸವಾದ ಮೇಲೆ ಕಿತ್ತು ಇನ್ನೊಂದೆಡೆಗೆ ಒಯ್ಯುವ ಇಡೀ ಕ್ರಮ ಆ ಪದದಲ್ಲಿದೆ. ‘ಕ್ರೇನ್ ಹೂಡಿದ ದಿನಾಂಕ’, ‘ಎತ್ತರಿಸಿದ ದಿನಾಂಕ’, ‘ಬಿಚ್ಚಿದ ದಿನಾಂಕ’. ಕೊನೆಯದಕ್ಕೆ ‘ಕಳಚು’ ಎನ್ನಲು ಹೆದರಿಕೆ, ‘ಕಳಚಿತು’ ಎಂದು ಯಾರಾದರೂ ಓದಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಎರಡನೆಯ ತೊಡಕು ‘ಐಡೆಂಟಿಫಿಕೇಶನ್’. ನನ್ನೆದುರಿನ ಮಾದರಿ ಪುಸ್ತಕದಲ್ಲಿ ‘ಕ್ರೇನ್ ಗುರುತಿಸುವಿಕೆ’ ಎಂದಿದೆ. ದೂರದಿಂದ ನೋಡಿ ಇದು ಕ್ರೇನು, ಇದು ಮೊಬೈಲ್ ಟವರು ಎಂದು ಹೇಳುವ ಪರೀಕ್ಷೆಯ ಹಾಗಿದೆ ಅದು. ಇಲ್ಲಿ ಬೇಕಾದ್ದು ತಯಾರಕರು, ಮಾದರಿ, ತಯಾರಾದ ವರ್ಷ, ಕ್ರಮಸಂಖ್ಯೆ ಇವಿಷ್ಟೇ ಎಂದುಕೊಂಡರೂ ಸಾಲದು. ಟವರ್ ಕ್ರೇನು ಒಂದು ವಸ್ತುವಲ್ಲ, ತುಂಡುಗಳ ಕೂಟ. ಹೊರ ಅಳತೆ ಒಂದೇ ಆಗಿದ್ದು ಉಕ್ಕಿನ ದಪ್ಪ ಬೇರೆಯಾದ ಮಾಸ್ಟ್ ತುಂಡುಗಳಿರುತ್ತವೆ. ಬಲವಾದದ್ದು ಕೆಳಗಿರಬೇಕಾದ ಕಡೆ ತೆಳುವಾದದ್ದು ಸೇರಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಒಂದೊಂದು ತುಂಡಿನ ಮೇಲೆ ಒತ್ತಿರುವ ಸಂಖ್ಯೆಯನ್ನೂ ಬುಡದಿಂದ ತುದಿಯವರೆಗೆ ಸಾಲಾಗಿ ಬರೆಯಬೇಕು. ‘ಗುರುತಿನ ವಿವರ’, ‘ಭಾಗಗಳ ಗುರುತು ಪಟ್ಟಿ’ ಎಂದು ಎರಡು ಮಾಡಿದ್ದೇನೆ.

‘ದಾಖಲಾತಿ’ ಬಿಟ್ಟಿದ್ದೇನೆ, ಮಕ್ಕಳನ್ನು ಶಾಲೆಗೆ ಸೇರಿಸುವ ಸದ್ದು ಅದರಲ್ಲಿ ಹೆಚ್ಚು. ‘ದಾಖಲೆ’ ಸಾಕು.

ಕೊನೆಯದಾಗಿ, ‘ಕಾಂಪಿಟೆಂಟ್ ಪರ್ಸನ್’. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ 167ನೇ ಒಡಂಬಡಿಕೆ ನಿರ್ಮಾಣ ಕೆಲಸದ ಸುರಕ್ಷತೆಯದು. ಎತ್ತುವ ಸಾಧನಗಳನ್ನು ಇಂಥವರೇ ಪರೀಕ್ಷಿಸಬೇಕು, ಫಲಿತಾಂಶ ದಾಖಲಾಗಬೇಕು ಎಂದು ಅದರ 15ನೇ ವಿಧಿ ಹೇಳುತ್ತದೆ. ಕಚೇರಿ ಕನ್ನಡದ ರೂಢಿಯಂತೆ ‘ಸಕ್ಷಮ ವ್ಯಕ್ತಿ’ ಎಂದರೆ, ‘ಸಕ್ಷಮ ಪ್ರಾಧಿಕಾರ’ದ ನೆನಪಾಗಿ, ಸಹಿ ಹಾಕುವ ಅಧಿಕಾರವಿರುವವರು ಎಂಬ ಅರ್ಥವೇ ಮುಂದೆ ಬರುತ್ತದೆ. ಬೇಕಾಗಿರುವುದು ತಿಳಿವಳಿಕೆ ಮತ್ತು ಅನುಭವ. ‘ಬಲ್ಲವರು’ ತೀರಾ ಸಡಿಲ, ‘ಪರಿಣತರು’ ತುಸು ದೊಡ್ಡ ಮಾತು. ‘ಅರ್ಹ ಪರೀಕ್ಷಕರು’ ಎಂದು ಸದ್ಯಕ್ಕೆ ಬರೆದಿದ್ದೇನೆ.

‘ಹೂಡು’ ಎಂಬುದನ್ನು ಯಂತ್ರಕ್ಕೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಕೇಳದಿದ್ದರೂ, ಮೊದಲ ಓದಿಗೆ ಅರ್ಥವಾಯಿತೇ, ಇಲ್ಲವೇ ನೇಗಿಲು ಕಣ್ಣ ಮುಂದೆ ಬಂತೇ?