ಅಸೋಸಿಯೇಷನ್ ಇಲ್ಲದ ಮನೆ ತಗೊಳ್ಳಬಹುದಾ? ಮಡಿಕೇರಿ ಬೆಟ್ಟದ ಮನೆ, ಕುಶಾಲನಗರದ ಲೇಔಟ್ ಮನೆ

ಮೈಸೂರಿಂದ_ವಾಪಸ್
ನಮಸ್ಕಾರ. ಮುಂದಿನ ವರ್ಷ ರಿಟೈರ್ ಆಗುತ್ತೇನೆ, ಅಮ್ಮನ ಜೊತೆ ಊರಿಗೆ ವಾಪಸ್ ಬರುವ ಯೋಚನೆ. ಎರಡು ಮನೆ ನೋಡಿದ್ದೇವೆ. ಒಂದು ಕುಶಾಲನಗರದ ಹತ್ತಿರ, ಗೇಟು, ವಾಚ್‌ಮನ್ ಎಲ್ಲ ಇರುವ ಲೇಔಟಿನಲ್ಲಿ. ಅಲ್ಲಿ ಅಸೋಸಿಯೇಷನ್ ಇದೆ, ತಿಂಗಳಿಗೆ 2,500 ರೂಪಾಯಿ ಕಟ್ಟಬೇಕು. ಇನ್ನೊಂದು ಮಡಿಕೇರಿ ಹೊರಗೆ, ಇಳಿಜಾರಿನಲ್ಲಿರುವ ಐದು ಮನೆಗಳಲ್ಲಿ ಮೂರನೆಯದು. ಅಲ್ಲಿ ಅಸೋಸಿಯೇಷನ್ ಇಲ್ಲ, ತಿಂಗಳ ದುಡ್ಡೂ ಇಲ್ಲ. ಅಮ್ಮನಿಗೆ ಎರಡನೆಯದೇ ಇಷ್ಟ. ನನಗೂ ಅದೇ ಮನಸ್ಸು. ಅನುಭವ ಇರುವವರು ಹೇಳಿ.

ವಿರಾಜಪೇಟೆ_ಅಕ್ಕ
ಮಡಿಕೇರಿ ಮನೆಯನ್ನೇ ತಗೊಳ್ಳಿ ಸರ್. ನನ್ನ ತಂಗಿ ಇಂಥದ್ದೇ ಒಂದು ಲೇಔಟಿನಲ್ಲಿ ಮೂರು ವರ್ಷ ಇದ್ದಳು. ಟೆರೇಸ್ ಮೇಲೆ ಕಾಳುಮೆಣಸು ಒಣಗಿಸಿದರೆ ನೋಟಿಸ್. ಅಂಗಳದಲ್ಲಿ ಸೌದೆ ಒಲೆ ಹಚ್ಚಿ ನೀರು ಕಾಯಿಸಿದರೆ ನೋಟಿಸ್. ಕೊಡಗಿನಲ್ಲಿ ಮನೆ ಅಂದಮೇಲೆ ಇದೆಲ್ಲ ಇರಬೇಕು ಅಲ್ವಾ? ನಿಮ್ಮ ಅಮ್ಮ ಅಂಗಳ ಬಿಟ್ಟು ಇರುತ್ತಾರಾ, ಅವರನ್ನೇ ಕೇಳಿ.

ಬೆಟ್ಟದಮನೆ
ಅಕ್ಕ, ಅಂಗಳದ ಮಾತು ಒಪ್ಪುತ್ತೇನೆ. ಆದರೆ ಸುಮ್ನೆ ತಗೊಳ್ಳಿ ಅಂತ ಹೇಳಬೇಡಿ. ನಾನು 14 ವರ್ಷದಿಂದ ಅಸೋಸಿಯೇಷನ್ ಇಲ್ಲದ ಇಳಿಜಾರಿನಲ್ಲೇ ಇದ್ದೇನೆ. ಸಂಘ ಇಲ್ಲ ಅಂದಮಾತ್ರಕ್ಕೆ ಅಕ್ಕಪಕ್ಕದವರ ಹಂಗು ತಪ್ಪುವುದಿಲ್ಲ. ದಾರಿ ಒಂದೇ, ಚರಂಡಿ ಒಂದೇ, ಮನೆ ಹಿಂದಿನ ಬರೆಯೂ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಒಂದೇ.

2019ರ ಆಗಸ್ಟ್ ಹೇಳುತ್ತೇನೆ. ಮೇಲಿನ ಮನೆಯವರು ಟೆರೇಸ್ ನೀರಿಗೆಲ್ಲ ಒಂದೇ ಪೈಪ್ ಹಾಕಿ, ಅದರ ಬಾಯಿಯನ್ನು ಬರೆಯ ತುದಿಗೆ ಬಿಟ್ಟಿದ್ದರು. ಕೆಳಗಿನ ಚರಂಡಿಯಲ್ಲಿ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡು ಚಾಪೆ ಹಾಸಿದ ಹಾಗಾಗಿತ್ತು. ರಾತ್ರಿ ಹನ್ನೊಂದಕ್ಕೆ ನಾನೂ ಮಗನೂ ಟಾರ್ಚ್ ಹಿಡಿದು, ಗುದ್ದಲಿಯಲ್ಲಿ ಎಲೆ ಎಳೆಯುತ್ತಿದ್ದೆವು. ಬೆಳಗಾಗುವ ಹೊತ್ತಿಗೆ ಬರೆ ಜಾರಿ ಅಡುಗೆಮನೆ ಕಿಟಕಿಯವರೆಗೆ ಮಣ್ಣು ಬಂದಿತ್ತು. ಮೇಲಿನವರು "ಮಣ್ಣು ನಿಮ್ಮ ಜಾಗಕ್ಕೆ ಬಿದ್ದಿದೆ, ನೀವೇ ತೆಗೆಸಿ" ಅಂದರು. ತಡೆಗೋಡೆ ಯಾರು ಕಟ್ಟಬೇಕು ಅಂತ ತೀರ್ಮಾನ ಆಗೋಕೆ ಎರಡು ವರ್ಷ ಹಿಡಿಯಿತು. ಆ ಎರಡು ಮಳೆಗಾಲ ನಾವು ಹಿಂದಿನ ರೂಮಿನಲ್ಲಿ ಮಲಗಲಿಲ್ಲ.

ಕುಶಾಲನಗರ_ಲೇಔಟ್
ಇದಕ್ಕೇ ನಾನು ಅಸೋಸಿಯೇಷನ್ ಬೇಕು ಅನ್ನುವುದು. ಆ ವರ್ಷ ಕಾವೇರಿ ನೀರು ನಮ್ಮ ಬೀದಿಗೂ ನುಗ್ಗಿತು. ಸಂಘದ ದುಡ್ಡಿನಲ್ಲಿ ಮೋಟರ್ ತರಿಸಿದೆವು, ಕೆಸರು ತೆಗೆಸಿದೆವು. ಯಾರ ಮನೆ ಬಾಗಿಲಿಗೂ ಹೋಗಿ ಬೇಡಬೇಕಾಗಲಿಲ್ಲ.

ಆದರೆ ಒಂದು ವಿಷಯ. "ಅಸೋಸಿಯೇಷನ್ ಇದೆ" ಅಂತ ಬ್ರೋಕರ್ ಹೇಳಿದ್ದನ್ನು ನಂಬಬೇಡಿ. ನಮ್ಮ ಸಂಘ ನೋಂದಣಿಯೇ ಆಗಿರಲಿಲ್ಲ, ಲೇಔಟ್ ಮಾಡಿದವರೇ ದುಡ್ಡು ವಸೂಲಿ ಮಾಡುತ್ತಿದ್ದರು, ಲೆಕ್ಕ ಕೊಡುತ್ತಿರಲಿಲ್ಲ. ಕೊನೆಗೆ ನಾವೇ ಸೇರಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದೆವು. ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಒಳಪಟ್ಟ ಲೇಔಟ್ ಆದರೆ, ನಿವಾಸಿಗಳ ಸಂಘ ಆಗುವಂತೆ ನೋಡಿಕೊಳ್ಳುವುದು ಲೇಔಟ್ ಮಾಡಿದವರ ಜವಾಬ್ದಾರಿ ಅಂತ 2016ರ ಆ ಕಾಯ್ದೆಯಲ್ಲೇ ಇದೆ. ರಸ್ತೆ, ಪಾರ್ಕು ಪಂಚಾಯಿತಿಗೆ ಬಿಟ್ಟುಕೊಟ್ಟ ಪತ್ರವನ್ನೂ ಕೇಳಿ. ನಮ್ಮಲ್ಲಿ ಆ ಪತ್ರ ಆಗದೆ ಬೀದಿದೀಪಕ್ಕೂ ಪರದಾಡಿದೆವು.

ಮೈಸೂರಿಂದ_ವಾಪಸ್
ಬೆಟ್ಟದಮನೆ ಸರ್, ಮೇಲಿನವರ ಮೇಲೆ ಕೇಸ್ ಹಾಕೋಕೆ ಆಗುತ್ತಿರಲಿಲ್ವಾ? ಸಂಘ ಇಲ್ಲದಿದ್ದರೆ ಕಾನೂನೂ ಇಲ್ಲ ಅಂತಲ್ಲವಲ್ಲ?

ಕಾಗದಪತ್ರ
ವಕೀಲಿ ಮಾಡುವವನಾಗಿ ಹೇಳುತ್ತೇನೆ. ಕಾನೂನು ಇದೆ. 1882ರ ಈಸ್‌ಮೆಂಟ್ ಕಾಯ್ದೆ (ಪಕ್ಕದವರ ಜಾಗದಲ್ಲಿ ದಾರಿ, ನೀರು ಇಂಥ ಹಕ್ಕುಗಳ ಕಾನೂನು) ಮೊಟ್ಟಮೊದಲು ಜಾರಿಗೆ ಬಂದ ಕಡೆಗಳಲ್ಲಿ ನಮ್ಮ ಕೊಡಗೂ ಒಂದು. ಪಕ್ಕದ ಮಣ್ಣು ನಿಮ್ಮ ಜಾಗಕ್ಕೆ ಸಹಜವಾಗಿ ಕೊಡುವ ಆಸರೆ ನಿಮ್ಮ ಹಕ್ಕು ಅಂತ ಅದರಲ್ಲಿದೆ. ಅಂದರೆ ಕೆಳಗಿನವನು ಮನಸ್ಸಿಗೆ ಬಂದ ಹಾಗೆ ಬರೆ ಕಡಿದು ಮೇಲಿನವನ ಜಾಗ ಕುಸಿಯುವ ಹಾಗೆ ಮಾಡುವಂತಿಲ್ಲ. ಮೇಲಿನಿಂದ ತಾನಾಗಿ ಹರಿದು ಬರುವ ಮಳೆನೀರನ್ನು ಕೆಳಗಿನವನು ತಡೆಯುವಂತಿಲ್ಲ. ಪೈಪ್ ಹಾಕಿ ಒಂದೇ ಕಡೆ ಸುರಿಯುವುದು ಬೇರೆ ಮಾತು, ಅದಕ್ಕೆ ತಕರಾರು ಮಾಡಬಹುದು.

ಆದರೆ ಮಳೆ ಬರುವುದು ಜೂನ್‌ನಲ್ಲಿ, ಕೋರ್ಟ್ ತೀರ್ಪು ಬರುವುದು ಯಾವಾಗಲೋ. ಅದಕ್ಕೇ ಮೊದಲೇ ಬರೆಸಿಕೊಳ್ಳಿ. ದಾರಿ ಎಷ್ಟು ಅಡಿ ಅಗಲ, ಚರಂಡಿ ಎಲ್ಲಿಂದ ಎಲ್ಲಿಗೆ, ಬಾವಿ ನೀರು ಯಾರಿಗೆ, ಎಲ್ಲ ಕ್ರಯಪತ್ರದ ಷೆಡ್ಯೂಲ್‌ನಲ್ಲಿ ಇರಲಿ. ಪತ್ರದಲ್ಲಿ ಬರೆಯದ ದಾರಿಯನ್ನು ಹಕ್ಕು ಅಂತ ಸಾಧಿಸೋಕೆ ಸಾಮಾನ್ಯವಾಗಿ 20 ವರ್ಷ, ಯಾರ ಅನುಮತಿಯ ಮೇಲೂ ಅಲ್ಲ, ಹಕ್ಕಿನಂತೆ ಓಡಾಡಿದ್ದು ತೋರಿಸಬೇಕು. ಜಾಗ ಜಮ್ಮಾ ಬಾಣೆಯಿಂದ (ಕೊಡಗಿನ ಕುಟುಂಬಗಳು ತಲೆಮಾರಿನಿಂದ ಒಟ್ಟಾಗಿ ಹೊಂದಿರುವ ಜಾಗ) ಬಂದದ್ದಾದರೆ ಕುಟುಂಬದಲ್ಲಿ ಯಾರ್ಯಾರ ಸಹಿ ಬೇಕು, ಭೂಪರಿವರ್ತನೆ ಆಗಿದೆಯಾ, ಅದನ್ನೂ ನೋಡಿಸಿ.

ವಿರಾಜಪೇಟೆ_ಅಕ್ಕ
ಬೆಟ್ಟದಮನೆ ಅವರ ಕಥೆ ಓದಿ ಬೇಜಾರಾಯಿತು. ಆದರೂ ಕೇಳುತ್ತೇನೆ, ಅಸೋಸಿಯೇಷನ್ ಇದ್ದಿದ್ದರೆ ಆ ಮೇಲಿನವರು ದುಡ್ಡು ಕೊಡುತ್ತಿದ್ದರಾ?

ಬೆಟ್ಟದಮನೆ
ಕೊಡುತ್ತಿದ್ದರೋ ಇಲ್ಲವೋ, ಮಳೆಗೆ ಮೊದಲು ಯಾರಾದರೂ ಹೋಗಿ ಪೈಪ್ ನೋಡುತ್ತಿದ್ದರು ಅಕ್ಕ. ಈಗ ನಾವು ಐದೂ ಮನೆಯವರು ಒಂದು ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ಸಹಿ ಹಾಕಿದ್ದೇವೆ. ಮೇ ಕೊನೆ ವಾರ ಎಲ್ಲರೂ ಸೇರಿ ಚರಂಡಿ ತೆಗೆಸುತ್ತೇವೆ. ಮನೆಗೆ ಸಾವಿರ ರೂಪಾಯಿ. ಅಷ್ಟೇ. ಕಾಳುಮೆಣಸು ಎಲ್ಲಿ ಬೇಕಾದರೂ ಒಣಗಿಸಬಹುದು.

ಕುಶಾಲನಗರ_ಲೇಔಟ್
ಇದು ಒಳ್ಳೆಯದು, ಒಪ್ಪಿದೆ. ಆದರೆ ಐದರಲ್ಲಿ ಒಂದು ಮನೆ ಹೋಂಸ್ಟೇ ಆದರೆ? ಯಜಮಾನರು ಬೆಂಗಳೂರಿನಲ್ಲಿ, ಇಲ್ಲಿ ವಾರಕ್ಕೊಮ್ಮೆ ಹೊಸ ಜನ. ಅವರು ಸಹಿ ಹಾಕುತ್ತಾರಾ?

ಮೈಸೂರಿಂದ_ವಾಪಸ್
ನೀವು ಕೇಳಿದ್ದಕ್ಕೆ ಇವತ್ತೇ ಫೋನ್ ಮಾಡಿ ವಿಚಾರಿಸಿದೆ. ಎಲ್ಲಕ್ಕಿಂತ ಮೇಲಿನ ಮನೆ ಹೋಂಸ್ಟೇಯೇ. ಮಾಲೀಕರ ನಂಬರ್ ಸಿಕ್ಕಿದೆ. ಅಡ್ವಾನ್ಸ್ ಕೊಡುವ ಮೊದಲು ಅವರ ಜೊತೆ ಮಾತಾಡುತ್ತೇನೆ. ಚರಂಡಿ ಕರಾರಿಗೆ ಒಪ್ಪಿದರೆ ಮಾತ್ರ ಮುಂದಿನ ಮಾತು. ಶನಿವಾರ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.

ಬೆಟ್ಟದಮನೆ
ಶನಿವಾರ ಮಳೆ ಇದ್ದರೂ ಹೋಗಿ, ಮುಂದೆ ಹಾಕಬೇಡಿ. ಮನೆ ಹಿಂದೆ ಹೋಗಿ ಬರೆಯಿಂದ ಜಿನುಗುವ ನೀರಿನ ಬಣ್ಣ ನೋಡಿ. ತಿಳಿಯಾಗಿದೆ ಅಂದಮಾತ್ರಕ್ಕೆ ನಿಶ್ಚಿಂತೆ ಅಂತಲ್ಲ. ಕೆಂಪಗೆ ಕದಡಿದ್ದರೆ, ಅಥವಾ ಬರೆಯ ಮೇಲಿನ ಮರಗಳು ಮನೆ ಕಡೆ ವಾಲಿದ್ದರೆ, ಅಮ್ಮನಿಗೆ ಎಷ್ಟೇ ಇಷ್ಟ ಆಗಿರಲಿ, ತಗೊಳ್ಳಬೇಡಿ ಸರ್.