ಸಹಾಯ ಬೇಕು: ಸರ್ಜನ್ ಕೈ ಪಳಗಿದೆಯಾ ಅಂತ ತಿಳಿಯುವುದು ಹೇಗೆ?

ಅಕ್ಕನಿಗೆ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಮಾಡಿಸಬೇಕು ಅಂತಿದ್ದೇವೆ. ಶುಗರ್ ಬೇರೆ ಇದೆ. ಇಬ್ಬರು ಡಾಕ್ಟರನ್ನು ನೋಡಿಯಾಯಿತು. ಇಬ್ಬರೂ 'ಏನೂ ಭಯ ಇಲ್ಲಮ್ಮ' ಅಂದು ಖರ್ಚಿನ ಚೀಟಿ ಕೊಟ್ಟರು.

ಅಮೆರಿಕದ ಮಿಷಿಗನ್‌ನ 2013ರ ಅಧ್ಯಯನ ಓದಿದೆ. 20 ಸರ್ಜನ್‌ಗಳ ಬೈಪಾಸ್ ವಿಡಿಯೊಗಳಿಗೆ ಬೇರೆ ಸರ್ಜನ್‌ಗಳು, ಯಾರದ್ದು ಅಂತ ಗೊತ್ತಿಲ್ಲದೆ, ಅಂಕ ಹಾಕಿದ್ದರು. ಕಡಿಮೆ ಅಂಕದವರ ರೋಗಿಗಳಲ್ಲಿ ಶೇ. 14.5 ಮಂದಿಗೆ ತೊಡಕು, ಜಾಸ್ತಿ ಅಂಕದವರಲ್ಲಿ ಶೇ. 5.2. ಇಷ್ಟು ವ್ಯತ್ಯಾಸ! ಡಿಗ್ರಿ ಬೋರ್ಡಿನ ಮೇಲೆ ಕಾಣುತ್ತದೆ, ಕೈಕೆಲಸ ಕಾಣುವುದಿಲ್ಲ ಅಲ್ವಾ?

'ವರ್ಷಕ್ಕೆ ಎಷ್ಟು ಮಾಡ್ತೀರಿ ಸರ್' ಅಂದರೆ ಒಬ್ಬರು 'ತುಂಬಾ' ಅಂತ ಸುಮ್ನೆ ನಕ್ಕರು. ಹೊಲಿಗೆ ಸೋರಿದ್ದು, ಮತ್ತೆ ಆಪರೇಷನ್ ಆಗಿದ್ದು ಎಷ್ಟು ಜನಕ್ಕೆ ಅಂತ ನೇರವಾಗಿ ಕೇಳಬಹುದಾ? ಮಾಡಿಸಿಕೊಂಡವರು ಹೇಳಿ, ನೀವು ಏನೇನು ಕೇಳಿ ಸರ್ಜನ್ನನ್ನು ಆರಿಸಿದಿರಿ?