ಕಡುಬಿನ ತರಿಯಲ್ಲಿ ಎಳೆ ಕಟ್ಟಿದೆ, ಅಂಟು ಬಲೆಗೆ ಒಂದೂ ಪತಂಗ ಬಿದ್ದಿಲ್ಲ: ಇದು ಯಾವ ಹುಳ?

ಕೋಣಂದೂರು ಗಿರಣಿ | ಜುಲೈ 4

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಹತ್ತಿರ, ಮನೆಯ ಮಗ್ಗುಲಲ್ಲೇ ನಮ್ಮದೊಂದು ಸಣ್ಣ ಗಿರಣಿ ಇದೆ. ಊರಿನವರಿಗೆ ಭತ್ತ ಅಕ್ಕಿ ಮಾಡಿಕೊಡುವುದರ ಜೊತೆಗೆ ನಾಲ್ಕು ವರ್ಷದಿಂದ ಕಡುಬಿನ ತರಿ, ರೊಟ್ಟಿ ಹಿಟ್ಟು, ರಾಗಿ ಹುರಿಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಶಿವಮೊಗ್ಗದ ಅಂಗಡಿಗಳಿಗೆ ಕೊಡುತ್ತಿದ್ದೇನೆ.

ಮೃಗಶಿರಾ ಮಳೆ ಹಿಡಿದಾಗಿನಿಂದ ಗಿರಣಿಯಲ್ಲೂ ಅಡುಗೆಮನೆಯಲ್ಲೂ ಸಂಜೆಯಾದರೆ ಸಾಕು, ಸಣ್ಣ ಪತಂಗಗಳು. ಕಳೆದ ವಾರ ಒಂದು ಅಂಗಡಿಯಿಂದ ಎಂಟು ಪೊಟ್ಟಣ ತರಿ ವಾಪಸು ಬಂತು. ಒಂದನ್ನು ಕತ್ತರಿಸಿ ಮೊರಕ್ಕೆ ಸುರಿದೆ. ತರಿ ಉದುರಲಿಲ್ಲ, ಗಂಟುಗಂಟಾಗಿ ಬಿತ್ತು. ಒಂದು ಗಂಟನ್ನು ಎಳೆದರೆ ರೇಷ್ಮೆಯಂಥ ಎಳೆ, ಅದಕ್ಕೆ ತರಿಯ ಚೂರುಗಳು ಮಣಿಗಳಂತೆ ಅಂಟಿಕೊಂಡು ಬಂದವು. ಒಳಗೆ ಬಿಳಿಚಿದ ಹುಳ, ಕಂದು ತಲೆ. ನಮ್ಮ ಹೆಸರು ಅಚ್ಚಾದ ಪೊಟ್ಟಣದೊಳಗೆ ಅದನ್ನು ನೋಡಿ ಆ ದಿನ ಊಟ ಸೇರಲಿಲ್ಲ.

ಆನ್‌ಲೈನಿನಲ್ಲಿ ಪತಂಗಗಳನ್ನು ವಾಸನೆಯಿಂದ ಸೆಳೆಯುವ ಅಂಟು ಬಲೆ ತರಿಸಿ ಎರಡು ಕಡೆ ತೂಗುಹಾಕಿದೆ. ಮೂರು ವಾರವಾಯಿತು, ಒಂದೂ ಬಿದ್ದಿಲ್ಲ. ಬೇವಿನ ಎಲೆ, ಲಕ್ಕಿ ಸೊಪ್ಪು ಹಾಕಿದ್ದೂ ಆಯಿತು.

ಇನ್ನೂ ಎರಡು ಸಂಗತಿ. ಮನೆಯ ಗೋಡೆಯ ಮೇಲೆ ಸೌತೆಬೀಜದ ಆಕಾರದ, ಬೂದು ಬಣ್ಣದ ಪುಟ್ಟ ಚೀಲಗಳು ತೆವಳುತ್ತವೆ. ಅತ್ತೆಯವರ ಕಂಬಳಿಯಲ್ಲಿ ತೂತುಗಳಾಗಿವೆ. ಇವೆಲ್ಲ ಒಂದೇ ಹುಳದ ಕೆಲಸವೇ? ಎಲ್ಲಿಂದ ಶುರು ಮಾಡಲಿ?

ಭದ್ರಾವತಿ ವ್ಯಾಪಾರಿ | ಜುಲೈ 4

ಅಕ್ಕ, ಮೂಟೆಗಳ ನಡುವೆ ಗೋದಾಮಿನ ಗುಳಿಗೆ ನಾಲ್ಕು ಇಟ್ಟು ಟಾರ್ಪಾಲು ಮುಚ್ಚಿ. ಒಂದೇ ರಾತ್ರಿಯಲ್ಲಿ ಎಲ್ಲ ಸಾಯುತ್ತವೆ. ಅದು ಸಿಗದಿದ್ದರೆ ನುಸಿ ಗುಳಿಗೆಯನ್ನಾದರೂ ಮೂಲೆಮೂಲೆಗೆ ಹಾಕಿ.

ಹಳೆಯ ಉಗ್ರಾಣ | ಜುಲೈ 4

ತಂಗಿ, ಮೇಲಿನ ಸಲಹೆಯಂತೆ ದಯವಿಟ್ಟು ಮಾಡಬೇಡಿ. ನಾನು ಇಪ್ಪತ್ತೆಂಟು ವರ್ಷ ಧಾನ್ಯದ ಉಗ್ರಾಣಗಳಲ್ಲಿ ಕೆಲಸ ಮಾಡಿದವನು, ಆ ಗುಳಿಗೆಯನ್ನು ನೂರಾರು ಸಲ ಬಳಸಿದವನು. ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ 1 ಗ್ರಾಂ ಅನಿಲ. ಅದಕ್ಕೆ ಪ್ರತಿಮದ್ದು ಇಲ್ಲ. ಸರ್ಕಾರಿ ಸಂಸ್ಥೆಗಳು ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ನಿಮ್ಮದು ಮನೆಗೆ ಅಂಟಿಕೊಂಡ ಹಂಚಿನ ಮಾಡಿನ ಗಿರಣಿ. ಅನಿಲ ಬಾಗಿಲಿನ ಸಂದಿಯಲ್ಲೂ ಅಟ್ಟದ ಮೇಲೂ ಹಾದು ಮಲಗಿದವರ ಕೋಣೆಗೆ ಬರುತ್ತದೆ.

ನುಸಿ ಗುಳಿಗೆಯೂ ಬೇಡ. ಬಾಗಿಲು ತೆರೆದ ಗಿರಣಿಯಲ್ಲಿ ಅದರ ಆವಿ ನಿಲ್ಲುವುದಿಲ್ಲ, ಆದರೆ ಅಕ್ಕಿ ಅದರ ವಾಸನೆ ಹೀರುತ್ತದೆ. ತಿನ್ನುವ ಪದಾರ್ಥದ ಹತ್ತಿರ ಅದಕ್ಕೆ ಜಾಗವಿಲ್ಲ.

ಮೊದಲು ಹುಳ ಯಾವುದೆಂದು ತಿಳಿಯೋಣ. ಸಂಜೆ ಗೋಡೆಯ ಮೇಲೆ ಕುಳಿತ ನಾಲ್ಕೈದು ಪತಂಗಗಳನ್ನು ಪಾರದರ್ಶಕ ಟೇಪಿನಿಂದ ಒತ್ತಿ ತೆಗೆದು ಬಿಳಿ ಕಾಗದಕ್ಕೆ ಅಂಟಿಸಿ, ಹಗಲು ಬೆಳಕಿನಲ್ಲಿ ನೋಡಿ. ರೆಕ್ಕೆ ಎರಡು ಬಣ್ಣವೋ ಒಂದೇ ಬಣ್ಣವೋ? ಅಕ್ಕಿಕಾಳಿನಲ್ಲಿ ಗುಂಡು ತೂತುಗಳಿವೆಯೋ, ಬರಿಯ ಎಳೆಯೋ? ವಾಪಸು ಬಂದ ಪೊಟ್ಟಣ ಕಟ್ಟಿದ ದಿನ ಯಾವುದು, ಅಂಗಡಿಗೆ ಹೋದ ದಿನ ಯಾವುದು?

ಕೋಣಂದೂರು ಗಿರಣಿ | ಜುಲೈ 6

ಅಣ್ಣ, ಗುಳಿಗೆ ತರುವವಳಿದ್ದೆ, ನಿಲ್ಲಿಸಿದೆ. ಟೇಪಿಗೆ ಆರು ಪತಂಗ ಸಿಕ್ಕವು. ಎಲ್ಲವೂ ಒಂದೇ ಬಣ್ಣ, ಒಲೆಯ ಬೂದಿಗೆ ಸ್ವಲ್ಪ ಕಾಫಿಪುಡಿ ಬೆರೆಸಿದಂತೆ. ಚುಕ್ಕೆ ಇಲ್ಲ, ಪಟ್ಟಿ ಇಲ್ಲ, ರೆಕ್ಕೆಯ ನರಗಳು ಮಾತ್ರ ತುಸು ಕಪ್ಪಗೆ ಕಾಣುತ್ತವೆ. ಉದ್ದ ಒಂದು ಸೆಂಟಿಮೀಟರಿನಷ್ಟು. ಟೇಪ್ ಎತ್ತಿದರೆ ಬೆರಳಿಗೆಲ್ಲ ಬೂದು ಪುಡಿ. ಅಕ್ಕಿಕಾಳಿನಲ್ಲಿ ತೂತು ಕಾಣಲಿಲ್ಲ, ಎಳೆ ಮಾತ್ರ. ಪೊಟ್ಟಣ ಕಟ್ಟಿದ್ದು ಮೇ 25ಕ್ಕೆ, ಅಂಗಡಿಗೆ ಕೊಟ್ಟದ್ದು ಜೂನ್ 17ಕ್ಕೆ, ವಾಪಸು ಬಂದದ್ದು 28ಕ್ಕೆ.

ಹಳೆಯ ಉಗ್ರಾಣ | ಜುಲೈ 6

ಇಷ್ಟು ಚೆನ್ನಾಗಿ ನೋಡಿ ಬರೆದರೆ ಅರ್ಧ ಕೆಲಸ ಮುಗಿದಂತೆ. ನಿಮ್ಮದು ಅಕ್ಕಿ ಪತಂಗ, ಶಾಸ್ತ್ರೀಯ ಹೆಸರು ಕಾರ್ಸೈರಾ ಸೆಫಲೋನಿಕಾ. ಅಕ್ಕಿ, ತರಿ, ರಾಗಿ, ಜೋಳ, ಶೇಂಗಾ, ಹಿಂಡಿ ಎಲ್ಲವೂ ಅದಕ್ಕೆ ಆಗುತ್ತದೆ. ಕಾಳಿನ ಒಳಗೆ ಕೂರುವುದಿಲ್ಲ, ಹೊರಗೆ ಎಳೆ ನೇಯ್ದು ಅದರೊಳಗೆ ತಿನ್ನುತ್ತದೆ.

ನಿಮ್ಮ ಬಲೆ ಖಾಲಿ ಉಳಿದದ್ದೂ ಇದೇ ಕಾರಣಕ್ಕೆ. ಅಂಗಡಿಯಲ್ಲಿ ಸಿಗುವ ಆಹಾರ ಪತಂಗದ ಬಲೆಗಳು ಹೆಚ್ಚಾಗಿ ಇಂಡಿಯನ್ ಮೀಲ್ ಮಾತ್ ಮತ್ತು ಅದರ ಹತ್ತಿರದ ಬಾದಾಮಿ ಪತಂಗದಂಥವಕ್ಕೆ ಮಾಡಿದವು. ಆ ಜಾತಿಗಳ ಹೆಣ್ಣಿನ ವಾಸನೆಗೆ ಆ ಜಾತಿಗಳ ಗಂಡು ಬರುತ್ತದೆ. ಅಕ್ಕಿ ಪತಂಗಕ್ಕೆ ಆ ವಾಸನೆಯಿಂದ ಏನೂ ಆಗಬೇಕಾಗಿಲ್ಲ. ಮೀಲ್ ಮಾತ್ ಆಗಿದ್ದರೆ ರೆಕ್ಕೆ ಎರಡು ಬಣ್ಣವಿರುತ್ತಿತ್ತು: ಬುಡದ ಕಡೆ ಮಾಸಲು ಬಿಳಿ, ತುದಿಯ ಕಡೆ ತಾಮ್ರ. (ಹೆಸರಿನಲ್ಲಿ ಇಂಡಿಯನ್ ಎಂದಿದ್ದರೂ ಅದು ನಮ್ಮ ದೇಶವನ್ನು ಹೇಳುವುದಿಲ್ಲ. ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಇಂಡಿಯನ್ ಮೀಲ್ ಎನ್ನುತ್ತಿದ್ದರು, 1856ರಲ್ಲಿ ಏಸಾ ಫಿಚ್ ಎಂಬ ಕೀಟತಜ್ಞ ಇಟ್ಟ ಹೆಸರು.)

ಈಗ ದಿನದ ಲೆಕ್ಕ ನೋಡಿ. ಹುಳ ಅಷ್ಟು ದೊಡ್ಡದಾಗಲು ಮೊಟ್ಟೆ ಇಟ್ಟು ಮೂರು ನಾಲ್ಕು ವಾರವಾದರೂ ಆಗಿರಬೇಕು. ಅಂಗಡಿಯಲ್ಲಿ ಪೊಟ್ಟಣ ಇದ್ದದ್ದು ಹನ್ನೊಂದು ದಿನ. ಹಾಗಾಗಿ ಅಂಗಡಿಯವರ ತಪ್ಪಲ್ಲ, ಮೊಟ್ಟೆ ನಿಮ್ಮಲ್ಲಿಯೇ ಒಳಗೆ ಹೋಗಿದೆ. ಒಂದು ಪ್ರಶ್ನೆ: ಬೀಸಿದ ತರಿಯನ್ನು ಪೊಟ್ಟಣಕ್ಕೆ ತುಂಬುವ ಮುಂಚೆ ಎಲ್ಲಿ, ಎಷ್ಟು ಹೊತ್ತು ಹರಡುತ್ತೀರಿ?

ಕೋಣಂದೂರು ಗಿರಣಿ | ಜುಲೈ 6

ಸಂಜೆ ಬೀಸಿ, ಬಿಸಿ ಆರಲಿ ಎಂದು ರಾತ್ರಿಯಿಡೀ ಗಿರಣಿಯಲ್ಲೇ ಪಂಚೆಯ ಮೇಲೆ ಹರಡಿ, ಬೆಳಿಗ್ಗೆ ತುಂಬುತ್ತೇವೆ.

ಹಳೆಯ ಉಗ್ರಾಣ | ಜುಲೈ 6

ಅಲ್ಲಿದೆ ನೋಡಿ. ಹೆಣ್ಣು ಪತಂಗ ಮೊಟ್ಟೆ ಇಡುವುದು ಹೆಚ್ಚಾಗಿ ರಾತ್ರಿ. ನೀವು ರಾತ್ರಿಯಿಡೀ ಅದಕ್ಕೆ ಹಾಸಿಗೆ ಹಾಸಿ ಕೊಡುತ್ತಿದ್ದೀರಿ. ಮೊಟ್ಟೆ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದು, ತರಿಯ ಜೊತೆ ಪೊಟ್ಟಣಕ್ಕೆ ಹೋಗಿಬಿಡುತ್ತದೆ. ಇಂದಿನಿಂದಲೇ ಬೀಸುವುದನ್ನು ಬೆಳಿಗ್ಗೆಗೆ ತನ್ನಿ, ಒತ್ತಾಗಿ ನೇಯ್ದ ಬಟ್ಟೆ ಮುಚ್ಚಿ ಆರಿಸಿ, ಹೊತ್ತು ಮುಳುಗುವುದರೊಳಗೆ ಸೀಲ್ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡನೆಯದು, ಮೂಲ ಹುಡುಕುವುದು. ಹಾರುವ ಪತಂಗ ಏನನ್ನೂ ತಿನ್ನುವುದಿಲ್ಲ, ಒಂದೆರಡು ವಾರ ಬದುಕಿ ಸಾಯುತ್ತದೆ. ತಿನ್ನುವ ಹುಳ ಎಲ್ಲೋ ಕದಲದ ರಾಶಿಯಲ್ಲಿದೆ. ದಿನಾ ಕೈಯಾಡುವ ಮೂಟೆಯಲ್ಲಿ ಅಲ್ಲ, ಯಾರೂ ಮುಟ್ಟದ ಕಡೆ ನೋಡಿ: ಕಾಳು ಮೇಲೆತ್ತುವ ಎಲಿವೇಟರಿನ ಬುಡದ ಪೆಟ್ಟಿಗೆ, ಕಾಳು ಸುರಿಯುವ ಹಾಪರಿನ ಹಲಗೆಗಳ ಸಂದಿ, ಮೋಟರಿನ ಹಿಂದಿನ ತೌಡು, ಖಾಲಿ ಗೋಣಿಗಳ ಹೊಲಿಗೆ. ಗಾಳಿ ಪಂಪಿನಿಂದ ಊದಬೇಡಿ, ದೂಳಿನೊಂದಿಗೆ ಮೊಟ್ಟೆಯನ್ನೂ ಊರೆಲ್ಲ ಹಂಚಿದಂತಾಗುತ್ತದೆ. ಬ್ರಷ್, ಕೆರೆಯುವ ತಗಡು, ವ್ಯಾಕ್ಯೂಮ್ ಸಾಕು. ತೆಗೆದದ್ದನ್ನು ಅಂಗಳಕ್ಕೆ ಎಸೆಯದೆ ಕುದಿಯುವ ನೀರಿಗೆ ಹಾಕಿ. ಗೋಣಿಗಳನ್ನೂ ಹಾಗೆಯೇ ಅದ್ದಿ ಒಣಗಿಸಿ. ಈಗ ಬಿಸಿಲೆಲ್ಲಿ ಎನ್ನಬಹುದು, ಅಡಿಕೆ ಒಣಗಿಸುವ ಡ್ರೈಯರ್ ಇದ್ದರೆ ಅದರಲ್ಲಿ ಇಡಿ.

ಉಳಿದ ದಾಸ್ತಾನು: ಎಳೆ ಕಂಡದ್ದು ದನಕ್ಕೂ ಬೇಡ ಎನಿಸಿದರೆ ಗೊಬ್ಬರಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಎಳೆ ಕಾಣದ ಪೊಟ್ಟಣಗಳನ್ನು ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ತಣುಪು ಬಿಡುವವರೆಗೆ ಬಾಯಿ ಬಿಚ್ಚಬೇಡಿ, ಬಿಚ್ಚಿದರೆ ಒಳಗೆ ನೀರು ಕೂತು ಬೂಸಲು ಬರುತ್ತದೆ. ಅವನ್ನು ಮನೆಗೆ ಬಳಸಿ, ಅಂಗಡಿಗೆ ಹೊಸದನ್ನೇ ಕೊಡಿ.

ಗೋಡೆಯ ಮೇಲಿನ ಸೌತೆಬೀಜ ಬೇರೆಯೇ ಜೀವ. ಅದೂ ಪತಂಗದ ಮರಿಯೇ, ಆದರೆ ಅಕ್ಕಿಗೆ ಬಾರದು. ದೂಳು, ಮರಳು, ನೂಲಿನ ಚೂರುಗಳಿಂದ ಚೀಲ ಮಾಡಿಕೊಂಡು ಅದರೊಳಗೇ ಬದುಕುತ್ತದೆ. ಸುಮ್ಮನೆ ಐದು ನಿಮಿಷ ನೋಡಿ, ಈ ತುದಿಯಿಂದ ತಲೆ ಹಾಕಿ ನಡೆದದ್ದು ಒಳಗೇ ತಿರುಗಿ ಆ ತುದಿಯಿಂದ ತಲೆ ಹಾಕುತ್ತದೆ. ಅದರ ಊಟ ಹಳೆಯ ಜೇಡರ ಬಲೆ, ಕೂದಲು, ಉಣ್ಣೆಯ ಚೂರು. ತೇವದ ಗೋಡೆ ಅದಕ್ಕೆ ಬೇಕೇ ಬೇಕು, ನಮ್ಮ ಮಲೆನಾಡಿನ ಮನೆಗಳಲ್ಲಿ ಅದಕ್ಕೆ ಕೊರತೆಯಿಲ್ಲ. ಬಲೆ ಗುಡಿಸಿ, ಮಂಚದ ಅಡಿ ಗುಡಿಸಿ, ಅಷ್ಟೇ.

ಕಂಬಳಿಗೆ ಹತ್ತಿದ್ದು ನುಸಿ, ಉಣ್ಣೆ ತಿನ್ನುವ ಇನ್ನೊಂದು ಪತಂಗದ ಮರಿ. ಬೆಳಕಿಗೆ ಬಾರದೆ ಮಡಿಕೆಯೊಳಗೇ ಇರುತ್ತದೆ. ಕಂಬಳಿ ಕೊಡವಿ, ಬ್ರಷ್ ಹಾಕಿ, ಒಗೆದು ಪೂರ್ತಿ ಒಣಗಿಸಿ, ಬಿಗಿ ಮುಚ್ಚಳದ ಟ್ರಂಕಿನಲ್ಲಿಡಿ. ನುಸಿ ಗುಳಿಗೆಯ ಜಾಗ ಅಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ. ಆ ಕಂಬಳಿಯನ್ನು ಗಾಳಿಗೆ ಆರಿಸದೆ ಎಳೆಕೂಸಿಗೆ ಹೊದಿಸಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ, ಅವರಿಗೆ ಆ ಗುಳಿಗೆಯ ನ್ಯಾಫ್ತಲಿನ್ ಆವಿ ರಕ್ತವನ್ನೇ ಕೆಡಿಸುತ್ತದೆ.

ನವಿಲೆ ವಿದ್ಯಾರ್ಥಿನಿ | ಜುಲೈ 7

ನಾನು ಕೃಷಿ ಓದುತ್ತಿರುವವಳು. ಇದೇ ಅಕ್ಕಿ ಪತಂಗವನ್ನು ಪ್ರಯೋಗಾಲಯದಲ್ಲಿ ನಾವೇ ಸಾಕುತ್ತೇವೆ ಎಂದರೆ ಅಕ್ಕನಿಗೆ ಆಶ್ಚರ್ಯವಾಗಬಹುದು. ಜೋಳದ ನುಚ್ಚಿನಲ್ಲಿ ಬೆಳೆಸಿ, ಮೊಟ್ಟೆ ತೆಗೆದು, ಕಾರ್ಡಿಗೆ ಅಂಟಿಸಿ ಟ್ರೈಕೋಗ್ರಾಮ ಎಂಬ ಪುಟಾಣಿ ಕಣಜದ ಹುಳಕ್ಕೆ ಕೊಡುತ್ತೇವೆ. ಆ ಟ್ರೈಕೋಕಾರ್ಡುಗಳನ್ನು ಹೊಲದಲ್ಲಿ ಕಟ್ಟಿದರೆ ಅವುಗಳಿಂದ ಹೊರಬರುವ ಕಣಜಗಳಿಂದ ಕಾಂಡಕೊರಕದ ಮೊಟ್ಟೆ ನಾಶವಾಗುತ್ತದೆ.

ನಿಮ್ಮ ಬೆರಳಿಗೆ ಹತ್ತಿದ ಬೂದು ಪುಡಿ ರೆಕ್ಕೆಯ ಹುರುಪೆ. ಮುಖಕ್ಕೆ ಮಾಸ್ಕ್ ಇಲ್ಲದೆ ಗುಡಿಸಬೇಡಿ. ಸಾಕಣೆಯ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಅದರಿಂದ ಉಬ್ಬಸ ಬರುವುದುಂಟು, ನನಗೂ ಮೊದಲ ತಿಂಗಳು ಕೆಮ್ಮು ಹಿಡಿದಿತ್ತು.

ಕಿಟಕಿಯ ಗಾಜಿನ ಮೇಲೆ ಎಳ್ಳಿನಷ್ಟು ಸಣ್ಣ ಕಣಜಗಳು ಓಡಾಡುತ್ತಿದ್ದರೆ ಕೊಲ್ಲಬೇಡಿ. ಬ್ರಾಕಾನ್ ಜಾತಿಯವು ಇರಬಹುದು, ಈ ಹುಳಗಳ ಮೈಮೇಲೆ ಮೊಟ್ಟೆ ಇಟ್ಟು ಅವುಗಳನ್ನೇ ತಮ್ಮ ಮರಿಗೆ ಉಣಿಸುತ್ತವೆ.

ಹೊಸನಗರ ಪಣತ | ಜುಲೈ 9

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಪಣತದಲ್ಲಿ ಭತ್ತಕ್ಕೆ ಕೈ ಹಾಕಿದರೆ ಹುಲ್ಲಿನ ಬಣ್ಣದ ಪತಂಗಗಳು ಏಳುತ್ತವೆ. ಎಳೆ ಇಲ್ಲ. ಕೆಲವು ಕಾಳಿನಲ್ಲಿ ಒಂದೊಂದು ಗುಂಡು ತೂತು.

ಹಳೆಯ ಉಗ್ರಾಣ | ಜುಲೈ 9

ಅದು ಭತ್ತದ ಪತಂಗ. ಹುಳ ಕಾಳಿನೊಳಗೇ ಬೆಳೆದು ತೂತು ಮಾಡಿ ಹೊರಬರುತ್ತದೆ. ಅನೇಕ ಸಲ ಗದ್ದೆಯಿಂದಲೇ ಕಾಳಿನ ಜೊತೆ ಬರುತ್ತದೆ. ಸಮಾಧಾನದ ವಿಷಯವೆಂದರೆ ಪತಂಗಕ್ಕೆ ರಾಶಿಯ ಆಳಕ್ಕೆ ಇಳಿಯಲು ಆಗುವುದಿಲ್ಲ, ಹಾನಿ ಹೆಚ್ಚಾಗಿ ಮೇಲಿನ ಒಂದು ಅಡಿಯಲ್ಲಿ. ಮೇಲಿನ ಪದರವನ್ನು ತೆಗೆದು ಮೊದಲು ಅಕ್ಕಿ ಮಾಡಿಸಿಬಿಡಿ. ಬಿತ್ತನೆಗೆ ಮಾತ್ರ ಆ ಭತ್ತ ಬೇಡ. ಮುಂದಿನ ವರ್ಷ ಚೆನ್ನಾಗಿ ಒಣಗಿಸಿ ಗಾಳಿಯಾಡದ ಚೀಲಗಳಲ್ಲಿ ತುಂಬಿ, ಉಸಿರಿಲ್ಲದೆ ಹುಳವೇ ಸಾಯುತ್ತದೆ.

ಕೋಣಂದೂರು ಗಿರಣಿ | ಜುಲೈ 24

ಅಣ್ಣ, ಎಲಿವೇಟರಿನ ಬುಡ ಬಿಚ್ಚಿಸಿದೆ. ಮೂರು ಬೊಗಸೆ ಹಳೆಯ ನುಚ್ಚು ತಟ್ಟಿಯಂತೆ ಹೆಣೆದುಕೊಂಡು ಒಂದೇ ತುಂಡಾಗಿ ಬಂತು. ಗೋಣಿಗಳೆಲ್ಲ ಬಿಸಿನೀರು ಕಂಡವು. ತರಿ ಈಗ ಹಗಲಿನಲ್ಲೇ ಬೀಸಿ ತುಂಬುತ್ತಿದ್ದೇವೆ. ಆದರೂ ನಿನ್ನೆ ಸಂಜೆ ಟಾರ್ಚ್ ಹಿಡಿದು ಎಣಿಸಿದರೆ ಹದಿನೇಳು ಪತಂಗ. ಮೊದಲ ದಿನ ನಲವತ್ತೊಂದು ಇದ್ದವು. ಗೋಡೆಗೆ ಔಷಧ ಹೊಡೆಯಲೇ? ಅಂಗಡಿಯವರು ಡೈಕ್ಲೋರ್ವಾಸ್ ಹಳೆಯ ದಾಸ್ತಾನು ಇದೆ ಎಂದರು.

ಹಳೆಯ ಉಗ್ರಾಣ | ಜುಲೈ 24

ಡೈಕ್ಲೋರ್ವಾಸ್ ನಮ್ಮ ದೇಶದಲ್ಲಿ 2020ರ ಕೊನೆಗೆ ನಿಷೇಧವಾಯಿತು, ಮುಟ್ಟಬೇಡಿ. ಉಗ್ರಾಣಗಳಲ್ಲಿ ಗೋಡೆಗೆ ಶೇಕಡಾ 2.5ರ ಡೆಲ್ಟಾಮೆಥ್ರಿನ್ ಪುಡಿಯನ್ನು ಲೀಟರಿಗೆ 40 ಗ್ರಾಂ ಕಲಸಿ ಹೊಡೆಯುವ ರೂಢಿ ಇದೆ, ಆದರೆ ಅದು ಗೋಡೆಗೆ, ಚೀಲದ ಹೊರಮೈಗೆ. ಹಿಟ್ಟು ತೆರೆದಿಡುವ ನಿಮ್ಮ ಗಿರಣಿಯಲ್ಲಿ ನಾನು ಹೊಡೆಯುವುದಿಲ್ಲ.

ಹದಿನೇಳರಲ್ಲಿ ಕೆಲವು ಹಳೆಯ ಕೋಶಗಳಿಂದ ಈಗ ಹೊರಬಂದವು ಇರಬಹುದು. ಆದರೆ ಎಲ್ಲಿ ಹೆಚ್ಚು ಕೂತಿವೆ ಎಂದು ಬರೆಯಲಿಲ್ಲ. ಗೋಡೆವಾರು ಎಣಿಸಿ.

ಕೋಣಂದೂರು ಗಿರಣಿ | ಜುಲೈ 25

ಹನ್ನೊಂದು ಒಂದೇ ಗೋಡೆಯಲ್ಲಿ, ಕೊಟ್ಟಿಗೆಯ ಕಡೆಯದು. ಆ ಗೋಡೆಯ ಆಚೆ ದನಕ್ಕೆಂದು ಬೇಸಿಗೆಯಲ್ಲಿ ತಂದಿಟ್ಟ ಶೇಂಗಾ ಹಿಂಡಿಯ ಚೀಲವಿದೆ. ನೀವು ಹಿಂಡಿ ಎಂದು ಬರೆದದ್ದು ಆಗ ನೆನಪಾಯಿತು. ಬಾಯಿ ಬಿಚ್ಚಿದೆ, ಅಂಗೈಯಗಲದ ಬಿಳಿ ಪರದೆ. ಕೈ ಹಾಕಿ ಎತ್ತಿದರೆ ಹಿಂಡಿಯ ಚೂರುಗಳು ಮಾಲೆಮಾಲೆಯಾಗಿ ಮೇಲೆ ಬಂದವು. ಚೀಲವನ್ನು ಮಳೆಯಲ್ಲೇ ಹೊತ್ತು ಗುಂಡಿಗೆ ಹಾಕಿಸಿದೆ.

ಕೋಣಂದೂರು ಗಿರಣಿ | ಆಗಸ್ಟ್ 29

ಮಘೆ ಮಳೆ ಮುಗಿಯುತ್ತಾ ಬಂತು. ಕಳೆದ ಹತ್ತು ದಿನದಲ್ಲಿ ಒಟ್ಟು ಎರಡು ಪತಂಗ ಕಂಡೆ. ಪ್ರತಿ ವಾರದ ತರಿಯಿಂದ ಒಂದು ಪೊಟ್ಟಣವನ್ನು ದಿನಾಂಕ ಬರೆದು ಇಲ್ಲೇ ಬೆಚ್ಚಗಿನ ಕಡೆ ಇಡುತ್ತಿದ್ದೇನೆ. ಜುಲೈ 8ರದ್ದನ್ನು ಇಂದು ಬಿಚ್ಚಿ ಮೊರಕ್ಕೆ ಸುರಿದೆ, ಕೊನೆಯ ಕಾಳಿನವರೆಗೂ ಸರಸರನೆ ಉದುರಿತು. ಅದರಲ್ಲೇ ಸಂಜೆ ಕಡುಬು ಮಾಡಿದೆ. ಅಂಗಡಿಯವರಿಗೂ ಇದನ್ನೆಲ್ಲ ವಿವರಿಸಿದೆ, ಸೋಮವಾರದಿಂದ ಮತ್ತೆ ಇಪ್ಪತ್ತು ಪೊಟ್ಟಣ ಕಳಿಸಿ ಎಂದಿದ್ದಾರೆ.